ಹಬ್ಬದ ನೆಂಟರಿಗೆ ಖಾರದ ಟೋಸ್ಟು

ಬ್ರೆಡ್ಡು ಎಂದೊಡನೆ ನಮ್ಮ ಕಡೆಯ ಹಿರಿಯರಿಗೆ ನೆನಪಾಗುವುದು ಜ್ವರ. ಮೈ ಕಾದವರಿಗೆ ಹಾಲಿನಲ್ಲಿ ಅದ್ದಿ ಕೊಡುವ, ಆಸ್ಪತ್ರೆಗೆ ನೋಡಲು ಹೋಗುವವರು ಕೈಯಲ್ಲಿ ಹಿಡಿದು ಹೋಗುವ ಪದಾರ್ಥ ಅದು ಎಂಬ ಭಾವನೆ ಇನ್ನೂ ಪೂರ್ತಿ ಹೋಗಿಲ್ಲ. ಆದ್ದರಿಂದಲೇ ಹಬ್ಬಕ್ಕೆ ಬಂದ ನೆಂಟರ ಮುಂದೆ ಬ್ರೆಡ್ಡು ಇಡುವುದು ಮರ್ಯಾದೆಗೆ ಕಡಿಮೆ ಎಂದು ಎಷ್ಟೋ ಮನೆಗಳಲ್ಲಿ ತಿಳಿಯುತ್ತಾರೆ. ಈ ಅಭಿಪ್ರಾಯವನ್ನು ಬದಲಿಸಿಕೊಂಡರೆ ಮನೆಯ ಹೆಂಗಸರಿಗೆ ಎಷ್ಟು ಅನುಕೂಲವಾದೀತು ಎಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲೂಕುಗಳ ಸಣ್ಣ ಹಿಡುವಳಿದಾರರ ಮನೆಯಲ್ಲಿ ಹಬ್ಬವೂ ಕೆಲಸವೂ ಒಟ್ಟಿಗೇ ಬರುತ್ತವೆ. ದೀಪಾವಳಿಯ ಆಸುಪಾಸಿನಲ್ಲಿ ಒಂದು ಕಡೆ ಅಡಿಕೆ ಗೊನೆ ಇಳಿಸಿ, ಸುಲಿದು, ಬೇಯಿಸಿ, ಒಣಗಿಸುವ ಕೆಲಸ. ಇನ್ನೊಂದು ಕಡೆ ಹೊಲದಲ್ಲಿ ಕಡಲೆಕಾಯಿ ಗಿಡ ಕಿತ್ತು ಕಾಯಿ ಬಿಡಿಸುವ ಕೆಲಸ. ಇದರ ನಡುವೆಯೇ ಬೆಂಗಳೂರು, ತುಮಕೂರಿನಿಂದ ಮಕ್ಕಳು, ಅಳಿಯಂದಿರು, ಬೀಗರು ಬರುತ್ತಾರೆ. ಮಧ್ಯಾಹ್ನದ ಒಬ್ಬಟ್ಟಿನ ಊಟ ಮುಗಿದು ಪಾತ್ರೆ ತೊಳೆಯುವಷ್ಟರಲ್ಲಿ ಸಂಜೆಯ ಕಾಫಿಯ ಹೊತ್ತು. ಆಗ ಇಪ್ಪತ್ತು ಜನಕ್ಕೆ ಬೋಂಡ, ವಡೆ ಕರಿಯಲು ನಿಂತ ಗೃಹಿಣಿಗೆ ಬಂದವರೊಡನೆ ಕುಳಿತು ಎರಡು ಮಾತನಾಡುವ ಭಾಗ್ಯವೂ ಇರುವುದಿಲ್ಲ. ನೈವೇದ್ಯದ ಅಡಿಗೆ ಸಂಪ್ರದಾಯದಂತೆಯೇ ನಡೆಯಲಿ. ಅದನ್ನು ಬದಲಿಸಬೇಕೆಂದು ಯಾರೂ ಹೇಳುವುದಿಲ್ಲ. ಸಂಜೆಯ ಖಾರದ ತಿಂಡಿಗೆ ಮಾತ್ರ ಬೇರೆ ದಾರಿಯುಂಟು.

ಬೇಕರಿಯವರು ತೋರಿಸಿದ ದಾರಿ

ಬ್ರೆಡ್ಡನ್ನು ನಮ್ಮ ನಾಲಿಗೆಗೆ ಒಗ್ಗಿಸಿದವರು ಅಯ್ಯಂಗಾರ್ ಬೇಕರಿಯವರು. ಎಚ್.ಎಸ್. ತಿರುಮಲಾಚಾರ್ ಅವರು ಸೋದರನೊಡನೆ ಬೆಂಗಳೂರಿನ ಚಿಕ್ಕಪೇಟೆಯಲ್ಲಿ 1898ರಲ್ಲಿ ಆರಂಭಿಸಿದ ಬಿ.ಬಿ. ಬೇಕರಿಯಿಂದ ಈ ಪರಂಪರೆ ಮೊದಲಾಯಿತು. ಆಮೇಲೆ ಹಾಸನ ಸೀಮೆಯಿಂದ ಬಂದ ಅನೇಕ ಕುಟುಂಬಗಳು ಊರೂರಿಗೆ ಬೇಕರಿ ತೆರೆದವು. ವಿ.ವಿ. ಪುರದ ವಿ.ಬಿ. ಬೇಕರಿ 1953ರದು. ಇವರು ಮಾಡಿದ ಜಾಣತನವೆಂದರೆ, ಪರದೇಶದ ಬ್ರೆಡ್ಡಿನ ಮೇಲೆ ನಮ್ಮ ಮನೆಯ ಪಲ್ಯವನ್ನೇ ಇಟ್ಟದ್ದು. ಈರುಳ್ಳಿ, ಕ್ಯಾರೆಟ್ಟು, ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು, ಅರಿಶಿನ ಸೇರಿದ ಆ ಪಲ್ಯದ ಟೋಸ್ಟು ಇಂದು ಯಾವ ತಾಲೂಕು ಕೇಂದ್ರದ ಬೇಕರಿಯಲ್ಲಾದರೂ ಸಿಕ್ಕೀತು. ಬೆಣ್ಣೆ ಸವರಿದ ಬನ್ನಿನೊಳಗೆ ಖಾರದ ಕಾಂಗ್ರೆಸ್ ಕಡಲೆಕಾಯಿ ತುಂಬುವುದೂ ಇವರದೇ ರೂಢಿ.

ಬೇರೆ ದೇಶದ ಬೆಳೆಗಾರರೂ ಹೀಗೆಯೇ ಮಾಡುತ್ತಾರೆ. ಇಟಲಿಯ ಟಸ್ಕನಿ ಪ್ರಾಂತದಲ್ಲಿ ಆಲಿವ್ ಗಾಣದಿಂದ ಹೊಸ ಎಣ್ಣೆ ಬಂದಾಗ ಬ್ರೆಡ್ಡನ್ನು ಕೆಂಡದ ಮೇಲೆ ಸುಟ್ಟು, ಬೆಳ್ಳುಳ್ಳಿ ಉಜ್ಜಿ, ಉಪ್ಪು ಉದುರಿಸಿ, ಆ ಹೊಸ ಎಣ್ಣೆಯನ್ನು ಸುರಿದು ನೆಂಟರಿಗೆ ಕೊಡುತ್ತಾರೆ. ಅವರಿಗೆ ಅದು ಬಡತನದ ತಿಂಡಿಯಲ್ಲ, ತಮ್ಮ ಬೆಳೆಯ ರುಚಿ ತೋರಿಸುವ ಬಗೆ. ನಮಗೂ ಹೊಸ ಕಡಲೆಕಾಯಿ ಇದೆ, ಹುಚ್ಚೆಳ್ಳು ಇದೆ, ಮಾಗಿಯಲ್ಲಿ ಅವರೆಕಾಯಿ ಇದೆ.

ಬ್ರೆಡ್ಡು ಸುಡುವ ಕ್ರಮ

ಮನೆಯಲ್ಲಿ ಮಾಡಿದ ಟೋಸ್ಟು ಮೆತ್ತಗಾಗಿ ಬಾಗುತ್ತದೆ ಎಂಬುದು ಸಾಮಾನ್ಯ ದೂರು. ಇದಕ್ಕೆ ಕಾರಣ ನೀರಿನಂಶ. ಮೂರು ಮಾತುಗಳನ್ನು ಗಮನದಲ್ಲಿಟ್ಟರೆ ಸಾಕು.

ಮೊದಲನೆಯದಾಗಿ, ಬ್ರೆಡ್ಡು ಒಂದು ದಿನ ಹಳೆಯದಾಗಿರಬೇಕು. ಆರಿದ ಮುದ್ದೆ, ತಂಗಳನ್ನ ಗಟ್ಟಿಯಾಗುವಂತೆಯೇ ಬ್ರೆಡ್ಡಿನ ಪಿಷ್ಟವೂ ದಿನ ಕಳೆದಂತೆ ಬಿಗಿಯಾಗುತ್ತದೆ. ಅಂಥ ಬ್ರೆಡ್ಡು ಕೊಯ್ಯುವಾಗ ಪುಡಿಯಾಗದು, ಪಲ್ಯದ ಭಾರಕ್ಕೆ ಕುಸಿಯದು. ಆದರೆ ಅದನ್ನು ಫ್ರಿಜ್ಜಿನಲ್ಲಿಡುವುದು ಬೇಡ. ತಂಪಿನಲ್ಲಿ ಬ್ರೆಡ್ಡು ಬೇಗ ಬಿರುಸಾಗುತ್ತದೆ. ಒಂದು ಚುಕ್ಕೆ ಬೂಸ್ಟು ಕಂಡರೂ ಇಡೀ ಬ್ರೆಡ್ಡನ್ನು ಎಸೆಯಬೇಕು.

ಎರಡನೆಯದಾಗಿ, ಉರಿ ಸಣ್ಣದಾಗಿರಬೇಕು. ದಪ್ಪನೆಯ ದೋಸೆ ಹೆಂಚಿಗೆ ತುಪ್ಪವನ್ನೋ ಬೆಣ್ಣೆಯನ್ನೋ ಸವರಿ, ಒಂದೊಂದು ಮಗ್ಗುಲನ್ನೂ ಮೂರು ನಾಲ್ಕು ನಿಮಿಷ ಸುಡಬೇಕು. ಉರಿ ಜೋರಾದರೆ ಮೇಲೆ ಬಣ್ಣ ಬರುತ್ತದೆ, ಒಳಗಿನ ನೀರು ಹಾಗೆಯೇ ಉಳಿಯುತ್ತದೆ. ಐದು ನಿಮಿಷದಲ್ಲಿ ಟೋಸ್ಟು ಮೆತ್ತಗಾಗುತ್ತದೆ. ಸೌದೆ ಒಲೆಯಾದರೆ ಉರಿ ಎಳೆದು ಕೆಂಡದ ಮೇಲೆ ಸುಡುವುದು ಉತ್ತಮ. ಹೊಂಬಣ್ಣ ಸಾಕು, ಕಪ್ಪಾಗಿಸಬಾರದು. ಪಿಷ್ಟದ ಆಹಾರ ಸೀದಷ್ಟೂ ಅದರಲ್ಲಿ ಆಕ್ರಿಲಮೈಡ್ ಎಂಬ ಅಹಿತಕರ ವಸ್ತು ಹೆಚ್ಚುತ್ತದೆಂದು 2002ರಿಂದ ಈಚೆಗೆ ತಿಳಿದುಬಂದಿದೆ.

ಮೂರನೆಯದಾಗಿ, ಬಿಸಿ ಟೋಸ್ಟನ್ನು ಮುಚ್ಚಿಡಬಾರದು, ಒಂದರ ಮೇಲೊಂದು ಪೇರಿಸಲೂಬಾರದು. ಅದರ ಹಬೆಯೇ ಅದನ್ನು ನೆನೆಸುತ್ತದೆ. ಜರಡಿಯ ಮೇಲೆಯೋ ಬಿದಿರಿನ ಮೊರದಲ್ಲೋ ಹರಡಿ ಪೂರ್ತಿ ಆರಿದ ಮೇಲೆ ಡಬ್ಬಿಗೆ ಹಾಕಬೇಕು. ಹೀಗೆ ಮಾಡಿದ್ದು ಒಂದೆರಡು ಗಂಟೆ ಗರಿಗರಿಯಾಗಿಯೇ ಇರುತ್ತದೆ. ಬಡಿಸುವ ಮುನ್ನ ಅರ್ಧ ನಿಮಿಷ ಹೆಂಚಿನ ಮೇಲೆ ಬೆಚ್ಚಗೆ ಮಾಡಿದರಾಯಿತು.

400 ಗ್ರಾಂ ಬ್ರೆಡ್ಡಿನಲ್ಲಿ ತುದಿಗಳನ್ನು ಬಿಟ್ಟು ಸುಮಾರು 16 ಹೋಳು ಬರುತ್ತವೆ. ಒಂದೊಂದನ್ನು ಮೂಲೆಯಿಂದ ಮೂಲೆಗೆ ಕೊಯ್ದರೆ 32 ತುಂಡು. ತಲೆಗೆ ಮೂರು ತುಂಡಿನಂತೆ ಹತ್ತು ಜನಕ್ಕೆ ಒಂದು ಬ್ರೆಡ್ಡು ಸಾಕು. ಕೆಳಗಿನ ಅಳತೆಗಳೆಲ್ಲ ಒಂದು ಬ್ರೆಡ್ಡಿಗೆ.

ನಾಲ್ಕು ಬಗೆಯ ಖಾರ

ಈರುಳ್ಳಿ ಪಲ್ಯದ ಟೋಸ್ಟು: ದಪ್ಪ ಈರುಳ್ಳಿ ನಾಲ್ಕು, ಕ್ಯಾರೆಟ್ಟು ಎರಡು, ಟೊಮ್ಯಾಟೋ ಎರಡು, ಹಸಿಮೆಣಸಿನಕಾಯಿ ನಾಲ್ಕೈದು. ಎರಡು ದೊಡ್ಡ ಚಮಚ ಎಣ್ಣೆಯಲ್ಲಿ ಸಾಸಿವೆ, ಕರಿಬೇವಿನ ಒಗ್ಗರಣೆ ಹಾಕಿ, ಮೆಣಸಿನಕಾಯಿ, ಈರುಳ್ಳಿ, ಕಾಲು ಚಮಚ ಅರಿಶಿನ ಹಾಕಿ ಬಾಡಿಸಿ. ಆಮೇಲೆ ತುರಿದ ಕ್ಯಾರೆಟ್ಟು, ಕೊನೆಯಲ್ಲಿ ಬೀಜ ತೆಗೆದು ಹೆಚ್ಚಿದ ಟೊಮ್ಯಾಟೋ, ಉಪ್ಪು. ಬಾಣಲೆಯ ತಳದಲ್ಲಿ ನೀರು ಕಾಣದಂತಾಗುವವರೆಗೆ ಮುಚ್ಚಳ ಹಾಕದೆ ಹುರಿಯಬೇಕು. ಇಳಿಸಿದ ಮೇಲೆ ಕೊತ್ತಂಬರಿ ಸೊಪ್ಪು, ಅರ್ಧ ಹೋಳು ನಿಂಬೆಯ ರಸ.

ಕಡಲೆಕಾಯಿ ಟೋಸ್ಟು: ಕಾಲು ಕಿಲೋ ಕಡಲೆಕಾಯಿ ಬೀಜವನ್ನು ಸಣ್ಣ ಉರಿಯಲ್ಲಿ ಹುರಿದು, ಸಿಪ್ಪೆ ತಿಕ್ಕಿ ಕೇರಿ ಬೇಳೆ ಮಾಡಿಕೊಳ್ಳಿ. ಎರಡು ಚಮಚ ಎಣ್ಣೆಯಲ್ಲಿ ಕರಿಬೇವು, ಇಂಗು ಹಾಕಿ ಒಲೆ ಆರಿಸಿ. ನಂತರ ಅರಿಶಿನ, ಒಂದು ಚಮಚ ಮೆಣಸಿನ ಪುಡಿ, ಸ್ವಲ್ಪ ಅಚ್ಚಖಾರದ ಪುಡಿ, ಉಪ್ಪು, ಬೀಜ ಸೇರಿಸಿ ಕಲಸಿ. ಬೀಜ ಬ್ರೆಡ್ಡಿನ ಮೇಲಿಂದ ಉರುಳಿ ಬೀಳುವುದನ್ನು ತಡೆಯಲು ಮೂರರಲ್ಲಿ ಒಂದು ಪಾಲನ್ನು ತರಿತರಿಯಾಗಿ ಕುಟ್ಟಿ, ಬೆಣ್ಣೆಯೊಡನೆ ಕಲಸಿ ಟೋಸ್ಟಿಗೆ ಸವರಿ, ಉಳಿದ ಬೇಳೆಯನ್ನು ಅದರ ಮೇಲೆ ಒತ್ತಬೇಕು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಮಾರಾಟಕ್ಕೆ ಒಳ್ಳೆಯ ಬೀಜ ಆರಿಸಿ, ಮನೆ ಖರ್ಚಿಗೆ ಸುಕ್ಕಿದ್ದನ್ನು, ಮುಗ್ಗಿದ್ದನ್ನು ಉಳಿಸಿಕೊಳ್ಳುವ ಅಭ್ಯಾಸ ನಮ್ಮಲ್ಲಿದೆ. ಸರಿಯಾಗಿ ಒಣಗದ ಬೀಜದಲ್ಲಿ ಬೆಳೆಯುವ ಬೂಸ್ಟು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಉಂಟುಮಾಡುತ್ತದೆ. ಇದು ಯಕೃತ್ತಿಗೆ ಹಾನಿಕರ. ಮನೆಯಲ್ಲಿ ಹುರಿದ ಮಾತ್ರಕ್ಕೆ ಪೂರ್ತಿ ನಾಶವಾಗುವುದಿಲ್ಲ. ಬಣ್ಣಗೆಟ್ಟ, ಕಹಿಯಾದ, ಬೂಸ್ಟು ಹಿಡಿದ ಬೀಜವನ್ನು ನೆಂಟರಿಗೂ ಕೊಡಬಾರದು, ಮನೆಯವರೂ ತಿನ್ನಬಾರದು, ದನಕರುಗಳಿಗೂ ಹಾಕಬಾರದು.

ಹುಚ್ಚೆಳ್ಳು ಪುಡಿಯ ಟೋಸ್ಟು: 100 ಗ್ರಾಂ ಹುಚ್ಚೆಳ್ಳನ್ನು ಕಲ್ಲು ಮಣ್ಣು ಇಲ್ಲದಂತೆ ಆರಿಸಿ ಚಟಪಟ ಎನ್ನುವವರೆಗೆ ಹುರಿಯಿರಿ. ಎಂಟು ಬ್ಯಾಡಗಿ ಮೆಣಸಿನಕಾಯಿ, ಎರಡು ಚಮಚ ಕೊಬ್ಬರಿ ತುರಿ, ಸ್ವಲ್ಪ ಹುಣಿಸೆಹಣ್ಣು, ಇಂಗು, ಉಪ್ಪು ಸೇರಿಸಿ ತರಿಯಾಗಿ ಪುಡಿ ಮಾಡಿ. ಬಿಸಿ ಟೋಸ್ಟಿಗೆ ತುಪ್ಪ ಧಾರಾಳವಾಗಿ ಸವರಿ ಈ ಪುಡಿ ಉದುರಿಸಿದರೆ ಮುಗಿಯಿತು. ಇದರಲ್ಲಿ ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಕಾರಣ ಅವನ್ನು ತಿನ್ನದವರಿಗೂ ಸಲ್ಲುತ್ತದೆ. ಪುಡಿಯನ್ನು ವಾರ ಮುಂಚೆಯೇ ಮಾಡಿಡಬಹುದು.

ಹಿತಕಿದ ಅವರೆಯ ಟೋಸ್ಟು: ಇದು ಸಂಕ್ರಾಂತಿಯ ಕಾಲಕ್ಕೆ. ಎರಡು ಬಟ್ಟಲು ಹಿತಕಿದ ಬೇಳೆಯನ್ನು ಉಪ್ಪು ಹಾಕಿ ಬೇಯಿಸಿ, ನೀರು ಬಸಿದು ಅರೆಬರೆ ಹಿಸುಕಿ. ಹಸಿಮೆಣಸಿನಕಾಯಿ, ಶುಂಠಿಯ ಒಗ್ಗರಣೆಯಲ್ಲಿ ಒಂದು ಹಿಡಿ ಸಬ್ಬಸಿಗೆ ಸೊಪ್ಪಿನೊಡನೆ ಬಾಡಿಸಿ ಗಟ್ಟಿ ಮಾಡಿಕೊಳ್ಳಿ. ಬಸಿದ ಕಟ್ಟು ರಾತ್ರಿಯ ಸಾರಿಗೆ ಆಗುತ್ತದೆ.

ನಾಲ್ಕಕ್ಕೂ ಒಂದೇ ನಿಯಮ: ಖಾರವನ್ನು ಟೋಸ್ಟಿನ ಮೇಲೆ ಇಡುವುದು ತಟ್ಟೆ ಹೊರಗೆ ಹೋಗುವ ಹೊತ್ತಿಗೆ, ಅದಕ್ಕೆ ಮೊದಲಲ್ಲ. ಕೆಳಗೆ ಸವರಿದ ತುಪ್ಪ ಬೆಣ್ಣೆ ರುಚಿಗಷ್ಟೇ ಅಲ್ಲ, ಪಲ್ಯದ ನೀರು ಬ್ರೆಡ್ಡಿಗೆ ಬೇಗ ಇಳಿಯದಂತೆ ತಡೆಯಾಗಿಯೂ ಕೆಲಸ ಮಾಡುತ್ತದೆ.

ಕೆಲಸದ ಹಂಚಿಕೆ

ಹಬ್ಬದ ಹಿಂದಿನ ದಿನ ಬ್ರೆಡ್ಡು ತಂದು, ಬೀಜ ಹುರಿದು, ಪುಡಿ ಮಾಡಿಟ್ಟುಕೊಳ್ಳಿ. ಹಬ್ಬದ ದಿನ ಮಧ್ಯಾಹ್ನದ ಅಡಿಗೆಯ ಜೊತೆಯಲ್ಲೇ ಪಲ್ಯ ಬಾಡಿಸಿಕೊಳ್ಳಿ. ಮೂರು ಗಂಟೆಗೆ ಒಬ್ಬರು ಹೆಂಚಿನ ಮುಂದೆ ನಿಂತರೆ ಬ್ರೆಡ್ಡು ಸುಟ್ಟಾಗುತ್ತದೆ. ಕಾದ ಎಣ್ಣೆಯ ಭಯವಿಲ್ಲದ್ದರಿಂದ ಈ ಕೆಲಸವನ್ನು ಕಾಲೇಜಿಗೆ ಹೋಗುವ ಮಗನಿಗೂ ರಜಕ್ಕೆ ಬಂದ ಅಳಿಯನಿಗೂ ನಿಸ್ಸಂಕೋಚವಾಗಿ ಒಪ್ಪಿಸಬಹುದು. ಖಾರ ಹಚ್ಚಿ ತಟ್ಟೆಗೆ ಜೋಡಿಸುವುದನ್ನು ಮಕ್ಕಳು ಸಂತೋಷದಿಂದ ಮಾಡುತ್ತಾರೆ. ಕರಿಯಲು ಬಾಣಲೆ ತುಂಬ ಎಣ್ಣೆ ಬೇಕು, ಮಿಕ್ಕ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸುವುದು ಆರೋಗ್ಯಕ್ಕೆ ಒಳ್ಳೆಯದಲ್ಲ. ಇಲ್ಲಿ ಹೆಂಚಿಗೆ ಸವರುವಷ್ಟು, ಒಗ್ಗರಣೆಗೆ ಬೇಕಾದಷ್ಟು ಇದ್ದರೆ ಆಯಿತು.

ಅಡಿಕೆ ಸುಲಿಯಲು ಬಂದವರಿಗೂ ಇದೇ ತಟ್ಟೆಯಿಂದ ಕೊಡಿ. ಹಬ್ಬದ ದಿನ ನಮ್ಮ ಕೆಲಸಕ್ಕೆ ನಿಂತವರು ಅವರು; ಮನೆಯೊಳಗೆ ಒಂದು ತಿಂಡಿ, ಕಣದಲ್ಲಿ ಒಂದು ತಿಂಡಿ ಎಂಬ ಭೇದ ಒಳ್ಳೆಯದಲ್ಲ.

ಕೊಳ್ಳುವಾಗ ಗಮನಿಸಬೇಕಾದದ್ದು

ಬ್ರೆಡ್ಡಿನ ಹಿಟ್ಟಿಗೆ ಹಾಕುತ್ತಿದ್ದ ಪೊಟಾಸಿಯಂ ಬ್ರೋಮೇಟ್ ಎಂಬ ರಾಸಾಯನಿಕವನ್ನು ನಮ್ಮ ದೇಶದಲ್ಲಿ 2016ರಲ್ಲಿ ನಿಷೇಧಿಸಲಾಯಿತು. ಪೊಟ್ಟಣದ ಮೇಲೆ ತಯಾರಿಸಿದ ದಿನಾಂಕ, ಬಳಸಿದ ಪದಾರ್ಥಗಳ ವಿವರ ಇದೆಯೇ ಎಂದು ನೋಡಿ ಕೊಳ್ಳಿ. ಬಿಳಿ ಬ್ರೆಡ್ಡು ಮೈದಾದ್ದು. ದಿನನಿತ್ಯದ ಮುದ್ದೆ ರೊಟ್ಟಿಗೆ ಅದು ಬದಲಿಯಲ್ಲ. ಸಕ್ಕರೆ ಕಾಯಿಲೆ ಇರುವವರಿಗೆ ಒಂದು ತುಂಡು ಟೋಸ್ಟು, ಅದರ ಮೇಲೆ ಹೆಚ್ಚಾಗಿ ಕಡಲೆಕಾಯಿಯನ್ನೋ ಅವರೆಯನ್ನೋ ಇಟ್ಟುಕೊಡುವುದು ಮೇಲು.

ಖಾರದ ಟೋಸ್ಟಿಗೆ ಗಟ್ಟಿ ಡಿಕಾಕ್ಷನ್ನಿನ ಬಿಸಿ ಕಾಫಿಗಿಂತ ಒಳ್ಳೆಯ ಜೊತೆ ಇಲ್ಲವೆಂಬುದನ್ನು ಕಾಫಿ ಬೆಳೆಗಾರರೂ ಇರುವ ಈ ಸಂಘದ ಪತ್ರಿಕೆಯಲ್ಲಿ ಬೇರೆಯಾಗಿ ಹೇಳಬೇಕಾಗಿಲ್ಲ. ಬರುವ ಹಬ್ಬದಲ್ಲಿ ಒಂದು ಬಗೆಯನ್ನಾದರೂ ಮಾಡಿ ನೋಡಿರಿ. ನಿಮ್ಮ ಮನೆಯಲ್ಲಿ ಬೇರೆ ರೀತಿಯ ಖಾರ ರೂಢಿಯಲ್ಲಿದ್ದರೆ ಅಳತೆ ಸಹಿತ ಬರೆದು ಕಳುಹಿಸಿರಿ. ಮುಂದಿನ ಸಂಚಿಕೆಗಳಲ್ಲಿ ಇತರ ಸದಸ್ಯರಿಗೂ ತಿಳಿಸೋಣ.