ಬಸುರಿಯ ವಾಂತಿ ಮತ್ತು ಮನೆಯವರ ಕರ್ತವ್ಯ

ಗರ್ಭಿಣಿಗೆ ವಾಕರಿಕೆ ಸಹಜ. ಆದರೆ ಕುಡಿದ ನೀರೂ ನಿಲ್ಲದೆ, ದೇಹದ ತೂಕ ನೂರಕ್ಕೆ 5 ಪಾಲಿಗಿಂತ ಹೆಚ್ಚು ಇಳಿದರೆ ಅದು ಚಿಕಿತ್ಸೆ ಬೇಡುವ ವ್ಯಾಧಿಯೆನಿಸುತ್ತದೆ. ‘ಎಲ್ಲರೂ ಹೆತ್ತಿಲ್ಲವೇ’ ಎಂದು ಮೂದಲಿಸುವುದು ಸಲ್ಲದು. ಗರ್ಭದಿಂದ ತಾಯಿಯ ರಕ್ತಕ್ಕೆ ಸೇರುವ ಜಿ.ಡಿ.ಎಫ್. 15 ಎಂಬ ಹಾರ್ಮೋನು ಇದಕ್ಕೆ ಮುಖ್ಯ ಕಾರಣವೆಂದು 2023ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿದೆ.

ತವರು ದೂರವಿರುವ ಮಹಾನಗರದಲ್ಲಿ ತಾಯಿಯ ಸ್ಥಾನವನ್ನು ಪತಿಯೂ ನೆರೆಯವರೂ ತುಂಬಬೇಕಾಗುತ್ತದೆ. ಒಗ್ಗರಣೆಯ ಘಾಟನ್ನು ದೂರವಿಡುವುದು, ಗಂಜಿ ಮಜ್ಜಿಗೆಗಳನ್ನು ಗುಟುಕು ಗುಟುಕಾಗಿ ಕೊಡುವುದು, ಉಣ್ಣೆಂದು ಬಲವಂತಪಡಿಸದಿರುವುದು ಮನೆಯ ಉಪಚಾರ. ಇಡೀ ದಿನ ಏನೂ ನಿಲ್ಲದಿದ್ದರೆ, ಮೂತ್ರ ಕಡಿಮೆಯಾಗಿ ಕಡುಬಣ್ಣಕ್ಕೆ ತಿರುಗಿದರೆ, ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಅಲ್ಲಿ ಸಲೈನಿನೊಡನೆ ಥಯಮಿನ್ ಜೀವಸತ್ವವನ್ನೂ ಕೊಡಬೇಕಾಗುತ್ತದೆ. ಅದರ ಕೊರತೆ ಮೆದುಳಿಗೆ ಅಪಾಯಕರ. ವಾಂತಿ ತಡೆಯುವ, ಗರ್ಭಿಣಿಯರಿಗೆ ಒಗ್ಗುವ ಔಷಧಗಳೂ ಇವೆ. ಅವನ್ನು ವೈದ್ಯರ ಸಲಹೆಯಂತೆಯೇ ಸೇವಿಸಬೇಕು.