ಪಾರ್ಟಿಗೆ ‘ಬೇಡ’ ಎನ್ನುವ ಮುನ್ನ...

ಹಿರಿಯೂರು ತಾಲ್ಲೂಕಿನ ಜವನಗೊಂಡನಹಳ್ಳಿಯಂಥ ಊರಲ್ಲಿ ರಾತ್ರಿ ಒಂಬತ್ತಾದರೆ ಹೆದ್ದಾರಿಯ ಲಾರಿ ಸದ್ದು ಬಿಟ್ಟು ಬೇರೇನಿಲ್ಲ. ಅಲ್ಲಿಂದ ಮಣಿಪಾಲಕ್ಕೆ ಓದಲು ಹೋದ ಮಗಳು ಅದೇ ಹೊತ್ತಿಗೆ ಫೋನ್ ಮಾಡಿ ‘ಅಮ್ಮಾ, ಫ್ರೆಂಡ್ ಬರ್ತ್‌ಡೇ, ಪಾರ್ಟಿಗೆ ಹೋಗ್ಲಾ?’ ಅಂದರೆ ತಾಯಿಯ ಎದೆ ಧಸಕ್ಕೆನ್ನದೇ ಇರುತ್ತದೆಯೇ? ಸಿಟಿಯಲ್ಲಿರುವ ನಿಮ್ಮ ಪಾಡೂ ಇದೇ ತಾನೇ?

1953ರಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ಶುರುವಾದ ಮಣಿಪಾಲ ಈಗ ವಿದ್ಯಾರ್ಥಿಗಳದೇ ಊರು. ಅಲ್ಲಿ ಪಬ್ ಒಂದೇ ಅಲ್ಲ, ಸಂಜೆಗೆ ಎಂಡ್ ಪಾಯಿಂಟ್, ಮಲ್ಪೆ ಬೀಚ್ ಇವೆ. ಮಳೆಗಾಲ ಮುಗಿದರೆ ಸುತ್ತಲ ಊರುಗಳಲ್ಲಿ ರಾತ್ರಿ ಯಕ್ಷಗಾನವೂ ಉಂಟು.

ಗದರಿದರೆ ಮಕ್ಕಳು ಹೋಗುವುದನ್ನು ಬಿಡಲ್ಲ, ನಿಮಗೆ ಹೇಳುವುದನ್ನು ಬಿಡ್ತಾರೆ. ಆದ್ದರಿಂದ ಹೀಗೆ ಮಾಡಿ:

* ಎಲ್ಲಿಗೆ, ಯಾರ ಜೊತೆ, ವಾಪಸ್ ಹೇಗೆ ಎಂದು ಕೇಳಿ. ಹಾಸ್ಟೆಲ್ ಬಾಗಿಲು ಹಾಕುವ ವೇಳೆ ನಿಮಗೂ ತಿಳಿದಿರಲಿ.
* ರಾಜ್ಯದ ಅಬಕಾರಿ ನಿಯಮದಂತೆ 21 ತುಂಬದವರಿಗೆ ಮದ್ಯ ಮಾರುವಂತಿಲ್ಲ. ಇದನ್ನು ಮುಚ್ಚುಮರೆಯಿಲ್ಲದೆ ಮಾತಾಡಿ.
* ಕುಡಿದವರ ಬೈಕ್ ಹತ್ತಲೇಬಾರದು. ಕುಡಿದು ಓಡಿಸಿದರೆ ಮೊದಲ ಸಲವೇ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲೂ ಆಗಬಹುದು.
* ಕೈಯಲ್ಲಿದ್ದ ಜ್ಯೂಸ್ ಲೋಟ ಬಿಟ್ಟು ಹೋಗಿ ಬಂದರೆ ಮತ್ತೆ ಅದನ್ನು ಕುಡಿಯಬಾರದು.
* ರಾತ್ರಿ ಸಮುದ್ರಕ್ಕೆ ಇಳಿಯಬಾರದು. ತೊಂದರೆಯಾದರೆ 112ಕ್ಕೆ ಫೋನ್ ಮಾಡಲಿ.

ಕೊನೆಯದಾಗಿ, ‘ಎಷ್ಟೊತ್ತಾದರೂ ಫೋನ್ ಮಾಡು, ಬೈಯಲ್ಲ’ ಎಂದು ಮಾತು ಕೊಡಿ. ಫೋನ್ ಬಂದ ರಾತ್ರಿ ನಿಜವಾಗಿಯೂ ಬೈಯಬೇಡಿ. ಬುದ್ಧಿವಾದಕ್ಕೆ ಮರುದಿನ ಇದ್ದೇ ಇದೆಯಲ್ಲ!