ರೋಚ್ ನದಿಯ ಮೇಲಿನ ಚಪ್ಪಡಿ

ಸಹಕಾರ ಚಳವಳಿಯ ಪಾಠ ಓದಿದವರಿಗೆ ರಾಚ್‌ಡೇಲ್ ಹೊಸ ಹೆಸರಲ್ಲ. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಸಮೀಪದ ಈ ಹತ್ತಿಗಿರಣಿಗಳ ಊರಿನಲ್ಲಿ 1844ರ ಡಿಸೆಂಬರ್‌ನಲ್ಲಿ 28 ಮಂದಿ ಸೇರಿ ತೆರೆದ ಪುಟ್ಟ ಅಂಗಡಿ, ನಮ್ಮ ಗದಗ ಸೀಮೆಯ ಕಣಗಿನಹಾಳದ ಸಂಘದ ಜೊತೆಜೊತೆಗೇ ಆ ಪಾಠಗಳಲ್ಲಿ ಬರುತ್ತದೆ. ಆದರೆ ಆ ಊರಿನೊಂದಿಗೆ ಹೆಸರು ಹಂಚಿಕೊಂಡ ನದಿಯೊಂದು ಊರ ನಡುವೆಯೇ ಹರಿಯುತ್ತಿದೆ ಎಂಬುದು ಅಲ್ಲಿ ಹುಟ್ಟಿ ಬೆಳೆದವರ ಕಣ್ಣಿಗೂ ಬಹುಕಾಲ ಬಿದ್ದಿರಲಿಲ್ಲ.

ನದಿಯ ಹೆಸರು ರೋಚ್. ಪೆನೈನ್ ಬೆಟ್ಟಗಳಲ್ಲಿ ಹುಟ್ಟಿ ಇರ್ವೆಲ್ ನದಿಯನ್ನು ಸೇರುತ್ತದೆ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಟ್ರಾಮ್ ಬಂಡಿಗಳಿಗೆ ಜಾಗ ಬೇಕಾಯಿತು. ಗಿರಣಿಗಳ ಕೊಳೆ ಹೊತ್ತ ನೀರನ್ನು ಯಾರೂ ನೋಡಲು ಬಯಸುತ್ತಿರಲಿಲ್ಲ. 1904ರಿಂದ 1920ರ ದಶಕದವರೆಗೆ ಹಂತಹಂತವಾಗಿ ನದಿಯ ಮೇಲೆ ಕಾಂಕ್ರೀಟ್ ಚಪ್ಪಡಿ ಹಾಸಿದರು. ಜಗತ್ತಿನ ಅತಿ ಅಗಲವಾದ ಸೇತುವೆ ಎಂದು ಒಂದು ಕಾಲಕ್ಕೆ ಹೇಳಿಕೊಂಡದ್ದು ಇದನ್ನೇ. ಸುಮಾರು ನೂರು ವರ್ಷದ ನಂತರ, 2014ರಿಂದ 2016ರ ನಡುವೆ, ಅದೇ ಊರಿನ ಸ್ಥಳೀಯ ಆಡಳಿತವಾದ ಬರೋ ಕೌನ್ಸಿಲ್ ಆ ಚಪ್ಪಡಿಯನ್ನು ಒಡೆಸಿತು.

ಏಕೆ ಒಡೆಸಿತು ಎಂಬುದಕ್ಕೆ ಅಂದಚಂದ ಒಂದೇ ಕಾರಣವಲ್ಲ. ಮುಚ್ಚಿದ ನದಿ ಎಂದರೆ ದೊಡ್ಡ ಮೋರಿ. ತೆರೆದ ಕಾಲುವೆಯಲ್ಲಿ ನೀರು ಏರಿದಂತೆ ಹರಿವಿಗೆ ಜಾಗವೂ ಹೆಚ್ಚುತ್ತದೆ. ಮೋರಿಯಲ್ಲಿ ನೀರು ಛಾವಣಿ ಮುಟ್ಟಿತೋ, ಅಲ್ಲಿಗೆ ಜಾಗ ಮುಗಿಯಿತು. ಮೇಲಾಗಿ, ಅಲ್ಲಿಯವರೆಗೆ ತಳ ಮತ್ತು ಎರಡು ಗೋಡೆಗಳನ್ನು ಮಾತ್ರ ಉಜ್ಜಿಕೊಂಡು ಹೋಗುತ್ತಿದ್ದ ನೀರು ಈಗ ಛಾವಣಿಯನ್ನೂ ಉಜ್ಜುತ್ತದೆ. ಘರ್ಷಣೆ ಹೆಚ್ಚಿ, ಹೊರಹೋಗಲಾರದ ನೀರು ಹಿಂದಕ್ಕೆ ನಿಂತು ಮೇಲಿನ ಬೀದಿಗಳಿಗೆ ನುಗ್ಗುತ್ತದೆ. ಒಂದು ಮರದ ದಿಮ್ಮಿ ಒಳಗೆ ಅಡ್ಡ ಸಿಕ್ಕಿಕೊಂಡರೆ ಮುಂದಿನ ಕಸವೆಲ್ಲ ಅದಕ್ಕೇ ತಗುಲುತ್ತದೆ. ತೆರೆದ ನದಿಯಾದರೆ ದಡದಿಂದಲೇ ಜೆಸಿಬಿ ಇಳಿಸಿ ಎತ್ತಬಹುದು. ಮೋರಿಯಾದರೆ ಕತ್ತಲಲ್ಲಿ ಮನುಷ್ಯನೇ ಒಳಗಿಳಿಯಬೇಕು, ಅದೂ ಮಳೆ ನಿಂತ ಮೇಲೆ. ಇನ್ನು ನೂರು ವರ್ಷದ ಕಾಂಕ್ರೀಟು. ತೆಗೆಯದಿದ್ದರೆ ಅದನ್ನು ರಿಪೇರಿ ಮಾಡುತ್ತಲೇ ಇರಬೇಕು, ಅದರ ಖರ್ಚು ಎಂದಿಗೂ ಮುಗಿಯುವುದಿಲ್ಲ.

ತೀರ್ಮಾನ ಯಾರದು? ಇಂಗ್ಲೆಂಡಿನಲ್ಲಿ ಕೌನ್ಸಿಲ್ ಒಂದೇ ಮನಸ್ಸು ಮಾಡಿದರೆ ಸಾಲದು. ಮುಖ್ಯ ನದಿಗಳ ಉಸ್ತುವಾರಿ ಎನ್ವಿರಾನ್‌ಮೆಂಟ್ ಏಜೆನ್ಸಿಯದು. ನದಿಯೊಳಗೆ ಒಂದು ಕಂಬ ನೆಡಬೇಕಾದರೂ ಅದರ ಅನುಮತಿ ಬೇಕು. ಊರಿನ ಕೆಳಭಾಗಕ್ಕೆ ಪ್ರವಾಹ ಹೆಚ್ಚುವುದಿಲ್ಲ ಎಂದು ಕಂಪ್ಯೂಟರ್ ಮಾದರಿಯ ಲೆಕ್ಕದಿಂದ ತೋರಿಸಬೇಕು. ಯೋಜನಾ ಅನುಮತಿಯ ಅರ್ಜಿ ಬಂದಾಗ ಸಾಮಾನ್ಯವಾಗಿ 21 ದಿನ ಜನರ ಅಭಿಪ್ರಾಯಕ್ಕೆ ಇಡುತ್ತಾರೆ.

ಹಣದ ಕಥೆ ಇನ್ನೂ ಕುತೂಹಲದ್ದು. ಸುಮಾರು 50 ಲಕ್ಷ ಪೌಂಡಿನ ಈ ಕೆಲಸಕ್ಕೆ ಕೌನ್ಸಿಲ್ ಜೊತೆ ಎನ್ವಿರಾನ್‌ಮೆಂಟ್ ಏಜೆನ್ಸಿಯೂ ಹೆರಿಟೇಜ್ ಲಾಟರಿ ಫಂಡ್ ಕೂಡ ಕೈಜೋಡಿಸಿದವು. ನದಿಯ ಕೆಲಸಕ್ಕೆ ಪರಂಪರೆಯ ನಿಧಿ ಏಕೆ? ಚಪ್ಪಡಿಯ ಕೆಳಗೆ ಮಧ್ಯಯುಗದ ಒಂದು ಕಲ್ಲುಸೇತುವೆ ಹುದುಗಿತ್ತು. ಪ್ರವಾಹ, ಜಲಜೀವ, ಪುರಾತನ ಸೇತುವೆ, ಪೇಟೆಯ ವ್ಯಾಪಾರ – ಹೀಗೆ ಒಂದೇ ಗುಂಡಿ ತೋಡಲು ನಾಲ್ಕು ಕಾರಣ ಇದ್ದರೆ ನಾಲ್ಕು ಬಾಗಿಲು ತಟ್ಟಬಹುದು. ಇಂಥ ಯೋಜನೆಗಳು ಕಾಗದದಿಂದ ಕೆಳಗಿಳಿಯುವುದು ಬಹುಪಾಲು ಹೀಗೆಯೇ.

ಒಡೆಯುವ ಕೆಲಸದಲ್ಲಿ ಹೊರಗಿನವರಿಗೆ ಕಾಣದ ತೊಡಕು ಬೀದಿಯ ಅಡಿಯಲ್ಲಿರುತ್ತದೆ. ಗ್ಯಾಸ್ ಕೊಳವೆ, ಫೋನ್ ಮತ್ತು ಕರೆಂಟಿನ ಕೇಬಲ್, ಒಳಚರಂಡಿ: ಎಲ್ಲವೂ ಇಂಥ ಹಳೆಯ ಚಪ್ಪಡಿಗಳ ಮೈಯಲ್ಲೇ ಹಾದುಹೋಗಿರುತ್ತವೆ. ಒಂದೊಂದಕ್ಕೂ ಬೇರೆ ಬೇರೆ ಕಂಪನಿ, ಬೇರೆ ಬೇರೆ ವೇಳಾಪಟ್ಟಿ. ಅವನ್ನೆಲ್ಲ ಸರಿಸದೆ ಒಂದು ಕಲ್ಲನ್ನೂ ಎತ್ತುವಂತಿಲ್ಲ. ಮೀನಿನ ಗೋಳು ಬೇರೆ. ನುಣುಪು ಕಾಂಕ್ರೀಟ್ ತಳದ ಮೇಲೆ ನೀರು ತೆಳ್ಳಗೆ, ಬಿರುಸಾಗಿ ಓಡುತ್ತದೆ. ಎದುರೀಜುವ ಮೀನಿಗೆ ನಿಂತು ಸುಧಾರಿಸಿಕೊಳ್ಳಲು ಒಂದು ಮರೆಯೂ ಇಲ್ಲ. ಅದಕ್ಕೇ ತಳದಲ್ಲಿ ದಪ್ಪ ಬಂಡೆಗಳನ್ನಿಟ್ಟು, ಬೇಸಿಗೆಯ ಸಣ್ಣ ಹರಿವಿಗೂ ಆಳ ಸಿಗುವಂತೆ ನಡುವೆ ಕಿರುಗಾಲುವೆ ಮಾಡುವ ಪದ್ಧತಿ.

ರಾಚ್‌ಡೇಲಿನವರು ನದಿಯನ್ನು ಉದ್ದಕ್ಕೂ ತೆರೆಯಲಿಲ್ಲ. ರಸ್ತೆ ದಾಟಬೇಕಾದ ಕಡೆ ಚಪ್ಪಡಿ ಹಾಗೇ ಉಳಿಯಿತು. ಇದು ರಾಜಿಯಲ್ಲ, ವಿವೇಕ ಎಂದೇ ನನ್ನ ಎಣಿಕೆ. ನದಿಯ ಸುತ್ತ ಬಂದದ್ದನ್ನೂ ನೋಡಬೇಕು. 2013ರಲ್ಲಿ ಕೌನ್ಸಿಲ್ ತನ್ನ ಕಚೇರಿ ಮತ್ತು ಗ್ರಂಥಾಲಯವನ್ನು ದಡಕ್ಕೇ ತಂದಿತು. 2014ರಲ್ಲಿ ಟ್ರಾಮ್ ಮತ್ತೆ ಪೇಟೆಗೆ ಬಂತು. 2020ರಲ್ಲಿ ಅಂಗಡಿ ಸಂಕೀರ್ಣ ತೆರೆಯಿತು. 1871ರ ಟೌನ್ ಹಾಲ್ ದುರಸ್ತಿಯಾಗಿ 2024ರಲ್ಲಿ ಬಾಗಿಲು ತೆರೆಯಿತು. ದಿನವೂ ಕೆಲಸಕ್ಕೆಂದು ಬರುವ ಜನ ಮೊದಲು ಇದ್ದರು ಎಂಬುದು ಮುಖ್ಯ. ಬೆಂಚು, ಹೂಕುಂಡ ಇಟ್ಟ ಮಾತ್ರಕ್ಕೆ ಪೇಟೆ ಚಿಗುರುವುದಿಲ್ಲ.

ಪ್ರವಾಹ ನಿಂತಿತೇ? ಪೂರ್ತಿ ಇಲ್ಲ. ಕೆಲಸ ನಡೆಯುತ್ತಿದ್ದಾಗಲೇ, 2015ರ ಡಿಸೆಂಬರ್ 26ರಂದು, ರೋಚ್ ಉಕ್ಕಿ ಪೇಟೆಗೆ ನುಗ್ಗಿತು. ಊರೊಳಗೆ ದಾರಿ ಬಿಡಿಸಿದರೆ ನೀರು ಸಲೀಸಾಗಿ ಸಾಗುತ್ತದೆ, ನಿಜ. ಆದರೆ ಬೆಟ್ಟದಿಂದ ಇಳಿಯುವ ನೀರಿನ ಪ್ರಮಾಣ ಕಡಿಮೆಯಾಗುವುದಿಲ್ಲ. ಹಾಗಾಗಿ ಮೇಲುಹೊಳೆಯ ಲಿಟ್ಲ್‌ಬರೋ ಊರನ್ನೂ ಸೇರಿಸಿಕೊಂಡು ದೊಡ್ಡ ಪ್ರವಾಹ ತಡೆ ಯೋಜನೆಯೊಂದನ್ನು ಬೇರೆಯಾಗಿಯೇ ಕೈಗೆತ್ತಿಕೊಳ್ಳಬೇಕಾಯಿತು.

ನಮ್ಮ ರಾಜಕಾಲುವೆಗಳ ಮೇಲೂ ಇದೇ ಚಪ್ಪಡಿಗಳಿವೆ. ಬೆಂಗಳೂರಿನ ಮೆಜೆಸ್ಟಿಕ್ ಕಡೆಯಿಂದ ಬೆಳ್ಳಂದೂರಿನತ್ತ ಹರಿಯುವ ಕೋರಮಂಗಲ ಕಣಿವೆಯ ಕಾಲುವೆಯನ್ನು ಸರಿಪಡಿಸಿ ನಡೆದಾಡುವ ಜಾಗ ಮಾಡುವ ಕೆಲಸ ಕೈಗೆತ್ತಿಕೊಂಡಾಗ ಎದುರಾದ ಮೊದಲ ಪ್ರಶ್ನೆ ಕಲ್ಲಿನದಲ್ಲ, ಕೊಳಚೆಯದು. ಮನೆಗಳ ಒಳಚರಂಡಿ ಕಾಲುವೆಗೇ ಸೇರುತ್ತಿದ್ದರೆ ಚಪ್ಪಡಿ ತೆಗೆದು ಸಿಗುವುದು ನಾತ ಮಾತ್ರ. ರಾಚ್‌ಡೇಲಿನಲ್ಲಿ ಚಪ್ಪಡಿ ಒಡೆಯುವ ಹೊತ್ತಿಗೆ ಗಿರಣಿಗಳು ಮುಚ್ಚಿ, ನೀರು ತಿಳಿಯಾಗಿತ್ತು. ನಮಗೆ ಆ ಅನುಕೂಲವಿಲ್ಲ. ಮೊದಲು ಕೊಳವೆಗಳನ್ನು ಬೇರ್ಪಡಿಸಬೇಕು.

ಇದನ್ನು ಕೇಳಲು ಸಾಮಾನ್ಯರಿಗೂ ಒಂದು ದಾರಿಯಿದೆ. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರ ಪ್ರಕಾರ ನಿಮ್ಮ ಊರಿನ ಮಹಾಯೋಜನೆಯ ಕರಡು ಪ್ರಕಟವಾದಾಗ ಆಕ್ಷೇಪ, ಸಲಹೆ ಕೊಡಲು 60 ದಿನ ಇರುತ್ತದೆ. ಕರಡು ನಕ್ಷೆಯನ್ನು ಕೇಳಿ ನೋಡಿ. ನಿಮ್ಮ ಬೀದಿಯ ಹಳ್ಳ ಅದರಲ್ಲಿ ನೀರಿನ ದಾರಿಯಾಗಿ ಇದೆಯೋ, ರಸ್ತೆಯಾಗಿ ಬದಲಾಗಿದೆಯೋ ಗುರುತಿಸಿ. ಅದಕ್ಕೆ ಸೇರುವ ಕೊಳಚೆ ಎಲ್ಲಿಗೆ ಹೋಗಬೇಕು ಎಂದು ಬರಹದಲ್ಲಿ ಕೇಳಿ, ಸ್ವೀಕೃತಿ ಪಡೆದುಕೊಳ್ಳಿ.